ಕಾನ್ವೆಂಟ್ ಮತ್ತು ಕನ್ನಡ: ಮಂಗಳೂರಿನ ಸೈಂಟ್ ಆ್ಯನ್ಸ್ ಹೆಣ್ಣುಮಕ್ಕಳ ಶಾಲೆಯ ಚರಿತ್ರೆಯ ಕೆಲವು ನೆಲೆಗಳು

1. ಪ್ರವೇಶ

'ಕಾನ್ವೆಂಟ್' ಎಂಬ ಪದ ಕನ್ನಡಕ್ಕೆ ಬಂದು ನೆಲೆಸಿದ ಬಗೆ ಗಮನಾರ್ಹವಾದುದು. ಮೂಲದಲ್ಲಿ ಕ್ರೈಸ್ತ ಧರ್ಮಭಗಿನಿಯರು ಒಟ್ಟಾಗಿ ಬಾಳುವ ಮಠವನ್ನು ಸೂಚಿಸುವ ಈ ಪದಕ್ಕೆ ಇಂದಿನ ಆಡುಗನ್ನಡದಲ್ಲಿ ಇಂಗ್ಲಿಷ್ ಮಾಧ್ಯಮದ ಖಾಸಗಿ ಶಾಲೆ ಎಂಬ ಅರ್ಥ ಬಂದಿದೆ. ಮಠವೂ ಇಲ್ಲದ, ಭಗಿನಿಯರೂ ಇಲ್ಲದ, ಕ್ರೈಸ್ತ ಧರ್ಮದೊಂದಿಗೆ ಯಾವ ಸಂಬಂಧವೂ ಇಲ್ಲದ ಶಾಲೆಗಳು ಕೂಡ ತಮ್ಮ ಹೆಸರುಹಲಗೆಯಲ್ಲಿ ಈ ಪದವನ್ನು ಬರೆಸಿಕೊಂಡಿವೆ. 1982ರ ಗೋಕಾಕ್ ಚಳವಳಿಯಿಂದ ಮೊದಲುಗೊಂಡು 1994ರ ಭಾಷಾ ನೀತಿ ಹಾಗೂ ಅದನ್ನು ಕುರಿತ 2014ರ ಸರ್ವೋಚ್ಚ ನ್ಯಾಯಾಲಯದ ತೀರ್ಪಿನವರೆಗೆ ನಡೆದ ಶಿಕ್ಷಣ ಮಾಧ್ಯಮದ ಚರ್ಚೆಗಳಲ್ಲಿ 'ಕಾನ್ವೆಂಟ್' ಎಂಬುದು ಕನ್ನಡಕ್ಕೆ ಎದುರಾಗಿ ನಿಂತ ಪದವಾಗಿಯೇ ಬಳಕೆಯಾಗಿದೆ.

ಪದವೊಂದರ ಇಂದಿನ ಅರ್ಥವನ್ನು ಅದರ ನಿನ್ನೆಯ ಮೇಲೆ ಹೇರಿದಾಗ ಚರಿತ್ರೆಯ ಕೆಲವು ಭಾಗಗಳು ಕಾಣದಾಗುತ್ತವೆ. ಕರಾವಳಿ ಕರ್ನಾಟಕದ ಮಟ್ಟಿಗೆ ಹೀಗೆ ಕಾಣದಾಗಿರುವ ಮುಖ್ಯ ಸಂಗತಿಯೆಂದರೆ, 19ನೆಯ ಶತಮಾನದ ಕಾನ್ವೆಂಟ್ ಶಾಲೆ ಹೆಣ್ಣುಮಕ್ಕಳನ್ನು ಅಕ್ಷರಕ್ಕೆ, ಅದರಲ್ಲಿಯೂ ಕನ್ನಡ ಅಕ್ಷರಕ್ಕೆ ತಂದ ದಾರಿಗಳಲ್ಲಿ ಒಂದಾಗಿತ್ತು ಎಂಬುದು. ಪ್ರಸ್ತುತ ಲೇಖನವು ಮಂಗಳೂರಿನ ಸೈಂಟ್ ಆ್ಯನ್ಸ್ ಕಾನ್ವೆಂಟ್ ಶಾಲೆಯ ಚರಿತ್ರೆಯನ್ನು ಈ ದೃಷ್ಟಿಯಿಂದ ಪರಿಶೀಲಿಸುತ್ತದೆ. ಸಂಸ್ಥೆಯ ಸಾಧನೆಗಳನ್ನು ಪಟ್ಟಿಮಾಡುವುದು ಇಲ್ಲಿನ ಉದ್ದೇಶವಲ್ಲ. ಅಚ್ಚಾದ ಪುಸ್ತಕಗಳನ್ನು ಎಣಿಸಿ ಬರೆದ ನಮ್ಮ ಸಾಹಿತ್ಯ ಚರಿತ್ರೆಯಲ್ಲಿ, ಪುಸ್ತಕಗಳನ್ನು ಹೊರತರದೆ ಓದುಗರನ್ನು ರೂಪಿಸಿದ ಸಂಸ್ಥೆಗಳ ಸ್ಥಾನವೇನು ಎಂಬುದು ಈ ಲೇಖನದ ಮೂಲ ಪ್ರಶ್ನೆ.

2. ಹಿನ್ನೆಲೆ: ಅಚ್ಚುಮನೆಯ ಮಂಗಳೂರು

1799ರಲ್ಲಿ ಟಿಪ್ಪು ಸುಲ್ತಾನನ ಪತನದ ನಂತರ ಕೆನರಾ ಪ್ರದೇಶವು ಈಸ್ಟ್ ಇಂಡಿಯಾ ಕಂಪನಿಯ ಆಡಳಿತಕ್ಕೆ ಸೇರಿತು. 1860ರ ದಶಕದ ಆರಂಭದಲ್ಲಿ ಈ ಜಿಲ್ಲೆ ಒಡೆದು ಉತ್ತರ ಕನ್ನಡ ಮುಂಬಯಿ ಪ್ರಾಂತಕ್ಕೆ ಹೋಯಿತು. ದಕ್ಷಿಣ ಕನ್ನಡ 1956ರ ರಾಜ್ಯ ಪುನರ್ವಿಂಗಡಣೆಯವರೆಗೂ ಮದರಾಸಿನ ಅಧೀನದಲ್ಲಿಯೇ ಉಳಿಯಿತು. ಹೀಗಾಗಿ ಮಂಗಳೂರಿನ ಶಾಲೆಗಳ ಚರಿತ್ರೆಯನ್ನು ಮೈಸೂರು ಸಂಸ್ಥಾನದ ಶಿಕ್ಷಣ ಚರಿತ್ರೆಯ ಮಾದರಿಯಲ್ಲಿ ಓದಲಾಗದು. ಮೈಸೂರಿನಲ್ಲಿ 1881ರಲ್ಲಿ ಆರಂಭವಾದ ಮಹಾರಾಣಿಯವರ ಹೆಣ್ಣುಮಕ್ಕಳ ಶಾಲೆಗೆ ಅರಮನೆಯ ಆಶ್ರಯವಿತ್ತು. ಮಂಗಳೂರಿನಲ್ಲಿ ಅಂತಹ ಆಶ್ರಯದಾತರಿರಲಿಲ್ಲ. ಇಲ್ಲಿ ಶಾಲೆಗಳು ಬೆಳೆದದ್ದು ಮಿಶನ್‌ಗಳು, ಸಮುದಾಯಗಳು ಹಾಗೂ ಮದರಾಸು ಸರ್ಕಾರದ ಅನುದಾನ ಈ ಮೂರರ ನಡುವಿನ ಹೊಂದಾಣಿಕೆಯಿಂದ.

ಕರಾವಳಿಯ ಆಧುನಿಕ ಕನ್ನಡದ ಚರಿತ್ರೆ ಸಾಮಾನ್ಯವಾಗಿ ಬಾಸೆಲ್ ಮಿಶನ್‌ನಿಂದ ತೊಡಗುತ್ತದೆ. 1834ರಲ್ಲಿ ಮಂಗಳೂರಿಗೆ ಬಂದ ಈ ಪ್ರಾಟೆಸ್ಟಂಟ್ ಮಿಶನ್ 1841ರಲ್ಲಿ ಮುದ್ರಣಾಲಯವನ್ನು ಸ್ಥಾಪಿಸಿತು. 1843ರಲ್ಲಿ ಹೆರ್ಮನ್ ಮೊಗ್ಲಿಂಗ್ 'ಮಂಗಳೂರ ಸಮಾಚಾರ'ವನ್ನು ಹೊರತಂದರು. 1894ರಲ್ಲಿ ಕಿಟೆಲ್ ಅವರ ನಿಘಂಟು ಇಲ್ಲಿಯೇ ಅಚ್ಚಾಯಿತು. ಕನ್ನಡ ವಿದ್ವತ್ತಿನ ಮೇಲೆ ಈ ಕೆಲಸದ ಋಣ ದೊಡ್ಡದು, ಅದನ್ನು ಕುರಿತ ಅಧ್ಯಯನಗಳೂ ಸಾಕಷ್ಟು ನಡೆದಿವೆ.

ಇದೇ ಪಟ್ಟಣದಲ್ಲಿ ಸಂಖ್ಯೆಯಲ್ಲಿಯೂ ಪ್ರಾಚೀನತೆಯಲ್ಲಿಯೂ ಪ್ರಾಟೆಸ್ಟಂಟರಿಗಿಂತ ಮುಂದಿದ್ದವರು ಕೊಂಕಣಿ ಮಾತನಾಡುವ ಕಥೋಲಿಕರು. ಗೋವೆಯಿಂದ ವಲಸೆ ಬಂದು ನೆಲೆಸಿದ ಈ ಸಮುದಾಯ 1784ರಲ್ಲಿ ಟಿಪ್ಪುವಿನ ಆಜ್ಞೆಯಂತೆ ಸೆರೆಯಾಗಿ ಶ್ರೀರಂಗಪಟ್ಟಣಕ್ಕೆ ಒಯ್ಯಲ್ಪಟ್ಟು, 1799ರ ನಂತರ ಅಳಿದುಳಿದವರಾಗಿ ಊರಿಗೆ ಮರಳಿತ್ತು. ಚರ್ಚುಗಳನ್ನು, ಭೂಮಿಯನ್ನು, ಮನೆತನಗಳನ್ನು ಮತ್ತೆ ಕಟ್ಟಿಕೊಳ್ಳುವ ಕೆಲಸದಲ್ಲಿ ಅದರ ಮುಂದಿನ ಎರಡು ತಲೆಮಾರುಗಳು ಕಳೆದವು. 1840ರ ದಶಕದಲ್ಲಿ ಮಂಗಳೂರು ವೆರಾಪೊಲಿಯಿಂದ ಬೇರ್ಪಟ್ಟು ಪ್ರತ್ಯೇಕ ಧರ್ಮಾಡಳಿತ ಪ್ರದೇಶವಾಯಿತು. ಅದು ಯುರೋಪಿನ ಕಾರ್ಮೆಲ್ ಸಭೆಯ ಗುರುಗಳ ಕೈಯಲ್ಲಿತ್ತು. ಪ್ರಾಟೆಸ್ಟಂಟ್ ಮಿಶನ್ ಶಾಲೆ, ಅಚ್ಚುಮನೆ, ನೇಯ್ಗೆ, ಹೆಂಚಿನ ಕಾರ್ಖಾನೆಗಳನ್ನು ಒಂದರ ಹಿಂದೊಂದರಂತೆ ತೆರೆಯುತ್ತಿದ್ದಾಗ, ತಮ್ಮ ಮಕ್ಕಳನ್ನು ಎಲ್ಲಿ ಓದಿಸಬೇಕು ಎಂಬುದು ಕಥೋಲಿಕ ಧರ್ಮಾಧ್ಯಕ್ಷರಿಗೂ ಸಮುದಾಯದ ಹಿರಿಯರಿಗೂ ತುರ್ತಿನ ಪ್ರಶ್ನೆಯಾಯಿತು.

ಹೆಣ್ಣುಮಕ್ಕಳ ವಿಷಯದಲ್ಲಿ ಈ ಪ್ರಶ್ನೆ ಇನ್ನೂ ಜಟಿಲವಾಗಿತ್ತು. ಗಂಡು ಉಪಾಧ್ಯಾಯರ ಶಾಲೆಗೆ ಬೆಳೆದ ಹುಡುಗಿಯರನ್ನು ಕಳುಹಿಸಲು ಆ ಕಾಲದ ಯಾವ ಸಮುದಾಯವೂ ಸಿದ್ಧವಿರಲಿಲ್ಲ. ಉಪಾಧ್ಯಾಯಿನಿಯರನ್ನು ನೇಮಿಸೋಣವೆಂದರೆ ಓದು ಬಲ್ಲ ಹೆಂಗಸರೇ ವಿರಳ. ಓದಿದ ಹೆಂಗಸರಿಲ್ಲದೆ ಹೆಣ್ಣುಮಕ್ಕಳ ಶಾಲೆಯಿಲ್ಲ, ಹೆಣ್ಣುಮಕ್ಕಳ ಶಾಲೆಯಿಲ್ಲದೆ ಓದಿದ ಹೆಂಗಸರಿಲ್ಲ. ಈ ಸುತ್ತಿನಿಂದ ಹೊರಬರಲು ಧರ್ಮಭಗಿನಿಯರ ಸಂಸ್ಥೆಯೊಂದು ದಾರಿಯಾಯಿತು. ಮದುವೆಯ ಕಾರಣಕ್ಕೆ ಕೆಲಸ ಬಿಡಬೇಕಿಲ್ಲದ, ಸಂಬಳದ ಹಂಗಿಲ್ಲದ, ಬದುಕಿನುದ್ದಕ್ಕೂ ಪಾಠ ಹೇಳುವುದನ್ನೇ ವ್ರತವಾಗಿಸಿಕೊಂಡ ಹೆಂಗಸರ ಗುಂಪು ಅದು. ಸನ್ಯಾಸವು ಇಲ್ಲಿ ಧಾರ್ಮಿಕ ಸ್ಥಿತಿಯಷ್ಟೇ ಆಗಿರದೆ, ಹೆಣ್ಣಿಗೆ ವೃತ್ತಿಯೊಂದು ಸಾಧ್ಯವಾಗುವ ಸಾಮಾಜಿಕ ವ್ಯವಸ್ಥೆಯೂ ಆಗಿತ್ತು ಎಂಬುದನ್ನು ಗಮನಿಸಬೇಕು.

3. ಬಾರದೆ ಉಳಿದ ಸಂಸ್ಥಾಪಕಿ

ಮಂಗಳೂರಿಗೆ ಬಂದ ಆ ಸಂಸ್ಥೆಯ ಹೆಸರು ಅಪೊಸ್ತಲಿಕ್ ಕಾರ್ಮೆಲ್. ಅದನ್ನು ಸ್ಥಾಪಿಸಿದವರು ಮದರ್ ವೆರೋನಿಕಾ. ಸೋಫಿ ಲೀವ್ಸ್ ಎಂಬುದು ಅವರ ಮೊದಲ ಹೆಸರು. 1823ರಲ್ಲಿ ಕಾನ್‌ಸ್ಟಾಂಟಿನೋಪಲ್ ನಗರದಲ್ಲಿ, ಆಂಗ್ಲಿಕನ್ ಪಾದ್ರಿಯೊಬ್ಬರ ಮಗಳಾಗಿ ಅವರು ಹುಟ್ಟಿದರು. ತಂದೆ ಹೆನ್ರಿ ಡೇನಿಯಲ್ ಲೀವ್ಸ್ ಬ್ರಿಟಿಷ್ ಮತ್ತು ವಿದೇಶಿ ಬೈಬಲ್ ಸೊಸೈಟಿಯ ಪ್ರತಿನಿಧಿಯಾಗಿದ್ದು, ಬೈಬಲನ್ನು ಆಧುನಿಕ ಗ್ರೀಕ್ ಭಾಷೆಗೆ ತರುವ ಕೆಲಸದಲ್ಲಿ ತೊಡಗಿದ್ದವರು. ದೇಶಭಾಷೆಗೆ ಧರ್ಮಗ್ರಂಥವನ್ನು ತರುವುದು, ಅಚ್ಚುಹಾಕಿಸಿ ಹಂಚುವುದು ಈ ಮನೆಯ ಕಸುಬಾಗಿತ್ತು. ಮಂಗಳೂರಿನ ಬಾಸೆಲ್ ಮಿಶನ್ ಮಾಡುತ್ತಿದ್ದ ಕೆಲಸಕ್ಕೂ ಇದಕ್ಕೂ ಸ್ವರೂಪದಲ್ಲಿ ವ್ಯತ್ಯಾಸ ಕಡಿಮೆ. ಮಗಳು ಹಿಡಿದ ದಾರಿ ಬೇರೆಯದು. 1850ರಲ್ಲಿ ಮಾಲ್ಟಾದಲ್ಲಿ ಕಥೋಲಿಕ ಧರ್ಮಸಭೆಯನ್ನು ಸೇರಿದ ಸೋಫಿ ಮರುವರ್ಷ ಸಂತ ಜೋಸೆಫರ ಭಗಿನಿಯರ ಫ್ರೆಂಚ್ ಸಂಸ್ಥೆಯೊಂದನ್ನು ಪ್ರವೇಶಿಸಿದರು. 1860ರ ದಶಕದ ಮೊದಲ ಭಾಗದಲ್ಲಿ ಆ ಸಂಸ್ಥೆಯ ಪರವಾಗಿ ಅವರು ಕಲ್ಲಿಕೋಟೆಗೆ ಬಂದು ಅಲ್ಲಿನ ಹೆಣ್ಣುಮಕ್ಕಳ ಶಾಲೆಯಲ್ಲಿ ದುಡಿದರು. ಮಲಬಾರೂ ಆಗ ಮದರಾಸು ಪ್ರಾಂತದ ಜಿಲ್ಲೆಯೇ. ಪಶ್ಚಿಮ ಕರಾವಳಿಯ ಹೆಣ್ಣುಮಕ್ಕಳ ಸ್ಥಿತಿಯನ್ನು ಅವರು ಕಣ್ಣಾರೆ ಕಂಡದ್ದು ಅಲ್ಲಿ.

ಈ ಕರಾವಳಿಯಲ್ಲಿ ದುಡಿಯುತ್ತಿದ್ದ ಫ್ರೆಂಚ್ ಕಾರ್ಮೆಲ್ ಗುರು ಮರಿ ಎಫ್ರೆಂ ಅವರಿಗೆ ಶಾಲೆಯ ಕೆಲಸಕ್ಕೆಂದೇ ಮೀಸಲಾದ ಕಾರ್ಮೆಲ್ ಭಗಿನಿಯರು ಬೇಕಾಗಿದ್ದರು. ಕಾರ್ಮೆಲ್ ಸಂಪ್ರದಾಯದ ಭಗಿನಿಯರು ಮಠದ ಆವರಣದಿಂದ ಹೊರಬಾರದೆ ಪ್ರಾರ್ಥನೆ, ಮೌನ, ಧ್ಯಾನಗಳಲ್ಲಿ ಬದುಕು ಕಳೆಯುವವರು. ಅವರಿಂದ ಶಾಲೆ ನಡೆಸುವುದು ಆಗದ ಮಾತು. ಆದ್ದರಿಂದ ಕಾರ್ಮೆಲಿನ ಧ್ಯಾನವನ್ನೂ ಲೋಕದ ನಡುವಿನ ಬೋಧನೆಯನ್ನೂ ಒಂದುಗೂಡಿಸುವ ಹೊಸ ಸಂಸ್ಥೆಯನ್ನು ವೆರೋನಿಕಾ 1868ರ ಜುಲೈ 16ರಂದು ಫ್ರಾನ್ಸಿನ ಬಯೋನ್‌ನಲ್ಲಿ ಆರಂಭಿಸಿದರು. ಅದರ ಭಗಿನಿಯರಿಗೆ ಭಾರತಕ್ಕೆ ಹೊರಡುವ ಮೊದಲೇ ಶಿಕ್ಷಕಿಯರಾಗುವ ಸಿದ್ಧತೆ ದೊರೆಯಬೇಕೆಂಬುದು ಉದ್ದೇಶವಾಗಿತ್ತು.

ಈ ಚರಿತ್ರೆಯ ವಿಶೇಷವೆಂದರೆ, ಸಂಸ್ಥೆಯನ್ನು ಮಂಗಳೂರಿಗಾಗಿ ಕಟ್ಟಿದ ವೆರೋನಿಕಾ ಮಂಗಳೂರಿಗೆ ಬರಲೇ ಇಲ್ಲ. ಬಯೋನ್‌ನ ಮೂಲಮಠ 1873ರಲ್ಲಿ ಮುಚ್ಚಿತು. ಅದೇ ವರ್ಷ ಮಂಗಳೂರಿನ ಧರ್ಮಾಧ್ಯಕ್ಷರಾಗಿದ್ದ ಮರಿ ಎಫ್ರೆಂ ತೀರಿಕೊಂಡರು. ವೆರೋನಿಕಾ ಆವೃತ ಕಾರ್ಮೆಲ್ ಮಠದ ಬದುಕಿಗೆ ಮರಳಿ 1906ರಲ್ಲಿ ಫ್ರಾನ್ಸಿನ ಪೊ ನಗರದಲ್ಲಿ ನಿಧನರಾದರು. ಕಥೋಲಿಕ ಸಭೆ 2014ರಲ್ಲಿ ಅವರನ್ನು 'ಪೂಜ್ಯ'ರೆಂದು ಘೋಷಿಸಿತು. ಬೇರು ಒಣಗಿದ ಮೇಲೂ ಕೊಂಬೆ ಬದುಕಿಕೊಂಡದ್ದು ಮಂಗಳೂರಿನಲ್ಲಿ. ಪ್ರೇರಣೆ ಮತ್ತು ವಿನ್ಯಾಸ ಯುರೋಪಿನವು ನಿಜ. ಆದರೆ 1873ರ ನಂತರ ಸಂಸ್ಥೆಗೆ ಹಿಂದಿರುಗಿ ನೋಡಲು ಯುರೋಪಿನ ತಾಯಿಮನೆ ಇರಲಿಲ್ಲ. ಮಂಗಳೂರೇ ಅದರ ತಾಯಿಮನೆಯಾಯಿತು. ವಿದೇಶಿ ಸಂಸ್ಥೆಯ ಶಾಖೆ ಎಂಬ ಸರಳ ವಿವರಣೆ ಇದಕ್ಕೆ ಸಾಲದು.

4. 1870: ಎರಡು ಮಠಗಳು

1870ರ ನವೆಂಬರಿನಲ್ಲಿ ಅಪೊಸ್ತಲಿಕ್ ಕಾರ್ಮೆಲ್‌ನ ಮೊದಲ ಮೂವರು ಭಗಿನಿಯರು ಮದರ್ ಮರಿ ಡೆಸ್ ಆಂಜ್ ಅವರ ನೇತೃತ್ವದಲ್ಲಿ ಮಂಗಳೂರಿಗೆ ಬಂದರು. ಅದೇ ಕಾಲದಲ್ಲಿ ಪೊ ನಗರದ ಆವೃತ ಕಾರ್ಮೆಲ್ ಮಠದಿಂದಲೂ ಒಂದು ತಂಡ ಇಲ್ಲಿಗೆ ಬಂದಿತು. ಈ ತಂಡದ ಕೆಲವರು ದಾರಿಯಲ್ಲಿಯೇ ತೀರಿಕೊಂಡಿದ್ದರು. ಉಳಿದು ಬಂದವರಲ್ಲಿ ಪ್ಯಾಲೆಸ್ಟೈನಿನ ಮರಿಯಂ ಬವಾರ್ದಿ ಒಬ್ಬರು. 1871ರ ನವೆಂಬರ್ 21ರಂದು ಮಂಗಳೂರಿನಲ್ಲಿಯೇ ವ್ರತದೀಕ್ಷೆ ಪಡೆದು ಮರುವರ್ಷ ಫ್ರಾನ್ಸಿಗೆ ಹಿಂದಿರುಗಿದ ಈಕೆಯನ್ನು 2015ರಲ್ಲಿ ಸಂತಳೆಂದು ಘೋಷಿಸಲಾಯಿತು.

ಹೀಗೆ ಒಂದೇ ವರ್ಷ ಒಂದೇ ಪಟ್ಟಣದಲ್ಲಿ ಎರಡು ಕಾರ್ಮೆಲ್‌ಗಳು ನೆಲೆಗೊಂಡವು. ಒಂದು ಲೋಕಕ್ಕೆ ಬಾಗಿಲು ಮುಚ್ಚಿಕೊಂಡದ್ದು, ಇನ್ನೊಂದು ಲೋಕದ ಮಕ್ಕಳಿಗೆ ಬಾಗಿಲು ತೆರೆದದ್ದು. ಎರಡನ್ನೂ ಜನ 'ಕಾನ್ವೆಂಟ್' ಎಂದೇ ಕರೆಯಬಹುದಾಗಿತ್ತು. ಈ ಪದ ಮಠದಿಂದ ಶಾಲೆಯ ಕಡೆಗೆ ಸರಿಯತೊಡಗಿದ್ದು ಎರಡನೆಯ ಬಗೆಯ ಸಂಸ್ಥೆಗಳಿಂದ.

ಶಾಲೆಗೂ ಮಠಕ್ಕೂ ಸಂತ ಅನ್ನಮ್ಮನವರ ಹೆಸರು ಬಂದಿತು. ಕ್ರೈಸ್ತ ಪರಂಪರೆಯಲ್ಲಿ ಅನ್ನಮ್ಮ ಮರಿಯಮ್ಮನವರ ತಾಯಿ. ಯುರೋಪಿನ ಚಿತ್ರಕಲೆಯಲ್ಲಿ ಈಕೆಯನ್ನು ಮಗಳಿಗೆ ಪುಸ್ತಕ ಹಿಡಿದು ಓದು ಕಲಿಸುತ್ತಿರುವ ತಾಯಿಯಾಗಿ ಚಿತ್ರಿಸುವ ದೀರ್ಘ ಸಂಪ್ರದಾಯವಿದೆ. ಓದು ತಾಯಿಯಿಂದ ಮಗಳಿಗೆ ಬರಬೇಕಾದ ಸೊತ್ತು ಎಂಬ ಭಾವ ಆ ಚಿತ್ರಗಳಲ್ಲಿದೆ. ಮಗಳಿಗೆ ಓದಿಸಬಲ್ಲ ತಾಯಂದಿರೇ ವಿರಳವಾಗಿದ್ದ ಊರಿನಲ್ಲಿ ಹೆಣ್ಣುಮಕ್ಕಳ ಶಾಲೆಗೆ ಈ ಹೆಸರು ಒಪ್ಪುವಂತಹದು.

1870 ಎಂಬ ವರ್ಷವೂ ಗಮನಕ್ಕೆ ಅರ್ಹ. ಮಂಗಳೂರಿನಲ್ಲಿ ಬ್ರಹ್ಮಸಮಾಜ ಸ್ಥಾಪನೆಯಾದದ್ದೂ ಅದೇ ವರ್ಷ. ಕಥೋಲಿಕ ಗಂಡುಮಕ್ಕಳ ಉನ್ನತ ಶಿಕ್ಷಣಕ್ಕೆ ನೆಲೆಯಾದ ಸೈಂಟ್ ಅಲೋಶಿಯಸ್ ಕಾಲೇಜು ಆರಂಭವಾದದ್ದು 1880ರಲ್ಲಿ, ಅದನ್ನು ನಡೆಸಿದ ಜೆಸ್ವಿಟರು ಮಂಗಳೂರಿಗೆ ಬಂದದ್ದು 1878ರ ಕೊನೆಯಲ್ಲಿ. ಆಧುನಿಕ ಶಿಕ್ಷಣ ಮೊದಲು ಗಂಡಸರಿಗೆ ಬಂದು ಬಳಿಕ ಹೆಂಗಸರಿಗೆ ಇಳಿಯಿತು ಎಂಬ ಸಾಮಾನ್ಯ ನಿರೂಪಣೆಗೆ ಮಂಗಳೂರಿನ ಕಥೋಲಿಕ ಸಂಸ್ಥೆಗಳ ಈ ಕಾಲಾನುಕ್ರಮ ಸುಲಭವಾಗಿ ಹೊಂದುವುದಿಲ್ಲ.

5. ಅನುದಾನ, ತನಿಖೆ, ಶಿಕ್ಷಕಿ

ಶಾಲೆಯ ಪ್ರೇರಣೆ ಧಾರ್ಮಿಕವಾದರೂ ಅದರ ದಿನನಿತ್ಯದ ನಡೆಯನ್ನು ನಿರ್ಧರಿಸಿದ್ದು ಧರ್ಮ ಒಂದೇ ಅಲ್ಲ. 1854ರ ವುಡ್ ನಿರೂಪವು ಖಾಸಗಿ ಶಾಲೆಗಳಿಗೆ ಸರ್ಕಾರದ ಅನುದಾನ ನೀಡುವ ನೀತಿಯನ್ನು ಮುಂದಿಟ್ಟಿತು, ಮದರಾಸು ಸರ್ಕಾರ ಮರುವರ್ಷದಿಂದಲೇ ಅದನ್ನು ಜಾರಿಗೆ ತರತೊಡಗಿತು. ಅನುದಾನ ಪಡೆಯುವ ಶಾಲೆ ಪ್ರವೇಶ ಮತ್ತು ಹಾಜರಿ ಪುಸ್ತಕಗಳನ್ನು ಇಡಬೇಕಾಗಿತ್ತು, ನಿಗದಿತ ಪಾಠಕ್ರಮವನ್ನು ಅನುಸರಿಸಬೇಕಾಗಿತ್ತು, ತನಿಖಾಧಿಕಾರಿಗಳ ಭೇಟಿಗೆ ಒಳಪಡಬೇಕಾಗಿತ್ತು. 19ನೆಯ ಶತಮಾನದ ಉತ್ತರಾರ್ಧದಲ್ಲಿ ಮಕ್ಕಳ ಪರೀಕ್ಷಾಫಲಿತಾಂಶಕ್ಕೆ ತಕ್ಕಂತೆ ಅನುದಾನ ನೀಡುವ ಪದ್ಧತಿಯೂ ಈ ಪ್ರಾಂತದಲ್ಲಿ ಬಳಕೆಯಲ್ಲಿತ್ತು. ಓದು, ಬರಹ, ಲೆಕ್ಕಗಳ ಜೊತೆಗೆ ಹೆಣ್ಣುಮಕ್ಕಳ ಶಾಲೆಗಳಲ್ಲಿ ಹೊಲಿಗೆಯೂ ಪರೀಕ್ಷೆಯ ವಿಷಯವಾಗಿತ್ತು.

ಈ ವ್ಯವಸ್ಥೆಯ ಪರಿಣಾಮ ಎರಡು ಬಗೆಯದು. ಒಂದೆಡೆ ಅದು ಹೆಣ್ಣಿನ ಕಲಿಕೆಯನ್ನು ಗೃಹಿಣಿಯ ಆದರ್ಶಕ್ಕೆ ಕಟ್ಟಿಹಾಕಿತು. ವಿಕ್ಟೋರಿಯಾ ಕಾಲದ ಇಂಗ್ಲೆಂಡಿನ 'ಸುಗೃಹಿಣಿ', ಕಥೋಲಿಕ ಸಭೆಯ ಆದರ್ಶ ತಾಯಿ, ಸ್ಥಳೀಯ ಸಮಾಜದ ಮನೆವಂತೆ ಈ ಮೂವರೂ ಹೊಲಿಗೆಯ ಪಾಠದಲ್ಲಿ ಒಂದಾದರು. ಇನ್ನೊಂದೆಡೆ, ಸರ್ಕಾರಿ ಪಾಠಕ್ರಮಕ್ಕೆ ಒಳಪಟ್ಟ ಕಾರಣದಿಂದಲೇ ಶಾಲೆ ಕೇವಲ ಧರ್ಮೋಪದೇಶದ ತಾಣವಾಗಿ ಉಳಿಯಲಿಲ್ಲ. ಜಿಲ್ಲೆಯ ಭಾಷೆಯಾದ ಕನ್ನಡದ ಪಾಠಪುಸ್ತಕ, ಭೂಗೋಳ, ಲೆಕ್ಕಗಳು ಅದರ ಒಳಗೆ ಬರಲೇಬೇಕಾಯಿತು. ಕನ್ನಡವು ಕಾನ್ವೆಂಟಿಗೆ ಪ್ರವೇಶ ಪಡೆದದ್ದರಲ್ಲಿ ಭಾಷಾಪ್ರೇಮಕ್ಕಿಂತ ಮದರಾಸಿನ ಅನುದಾನ ನಿಯಮದ ಪಾತ್ರವೇ ದೊಡ್ಡದಿರಬೇಕು.

ಮೊದಲ ಭಗಿನಿಯರು ಯುರೋಪಿನವರು. ಕಾಲಕ್ರಮೇಣ ಸ್ಥಳೀಯ ಹೆಣ್ಣುಮಕ್ಕಳೂ ಸಂಸ್ಥೆಗೆ ಸೇರಿ ಭಗಿನಿಯರಾದರು. ಭಗಿನಿಯರಾಗದೆ ಶಾಲೆಯಲ್ಲಿ ಪಾಠ ಹೇಳುವ ಉಪಾಧ್ಯಾಯಿನಿಯರೂ ತಯಾರಾದರು. ವಿದ್ಯಾರ್ಥಿನಿ ಶಿಕ್ಷಕಿಯಾಗುವ, ಆ ಶಿಕ್ಷಕಿಯಿಂದ ಮತ್ತೆ ವಿದ್ಯಾರ್ಥಿನಿಯರು ಬರುವ ಈ ಸರಪಳಿ ಶಾಲೆಯ ನಿಜವಾದ ಫಲ. ಮೊದಲಿನ ಆ ಸುತ್ತನ್ನು ಅದು ತಿರುಗಿಸಿ ಹಾಕಿತು. ಇದೇ ಆವರಣದಲ್ಲಿ ಬೆಳೆದ ಶಿಕ್ಷಕ ತರಬೇತಿಯ ಕೆಲಸ 1943ರಲ್ಲಿ ಸೈಂಟ್ ಆ್ಯನ್ಸ್ ಶಿಕ್ಷಣ ಮಹಾವಿದ್ಯಾಲಯದ ರೂಪ ಪಡೆಯಿತು.

6. ಮೂರು ಭಾಷೆಗಳ ತರಗತಿ

ಶಾಲೆಗೆ ಬಂದ ಕಥೋಲಿಕ ಹುಡುಗಿಯ ಭಾಷಾ ಜಗತ್ತನ್ನು ಊಹಿಸಿಕೊಳ್ಳುವುದು ಕಷ್ಟವಲ್ಲ. ಮನೆಯಲ್ಲಿ ಕೊಂಕಣಿ, ಪೇಟೆಯಲ್ಲಿಯೂ ಆಳುಕಾಳುಗಳ ಜೊತೆಯಲ್ಲಿಯೂ ತುಳು, ಪೂಜೆಯಲ್ಲಿ ಲ್ಯಾಟಿನ್, ಕಚೇರಿಯ ಕಾಗದಪತ್ರಗಳಲ್ಲಿ ಕನ್ನಡ, ಅದರ ಮೇಲಿನ ಅಧಿಕಾರದಲ್ಲಿ ಇಂಗ್ಲಿಷ್. ಈ ಬಹುಭಾಷಿಕತೆಯೊಳಗೆ ಬರಹವನ್ನು ಕಲಿಸುವ ಹೊಣೆ ಶಾಲೆಯದಾದಾಗ, ಕೆಳಗಿನ ತರಗತಿಗಳಲ್ಲಿ ಕನ್ನಡ, ಮೇಲಿನ ತರಗತಿಗಳಲ್ಲಿ ಇಂಗ್ಲಿಷ್ ಎಂಬ ಮದರಾಸು ಪ್ರಾಂತದ ಸಾಮಾನ್ಯ ಏರ್ಪಾಡು ಮುಂದೆ ಬಂದಿತು. ಪ್ರೌಢಶಾಲೆಯ ಮಟ್ಟದಲ್ಲಿ ದೇಶಭಾಷೆಯನ್ನು ಮಾಧ್ಯಮವಾಗಿಸುವ ಪ್ರಯತ್ನ ಈ ಪ್ರಾಂತದಲ್ಲಿ ಬಲಗೊಂಡದ್ದು 1930ರ ದಶಕದ ಕೊನೆಯಲ್ಲಿ. ಅಲ್ಲಿಯವರೆಗೆ ಇಂಗ್ಲಿಷ್ ಮೇಲುಹಂತದ ಭಾಷೆಯಾಗಿದ್ದುದು ಕಾನ್ವೆಂಟುಗಳ ವಿಶೇಷವಲ್ಲ. ಸರ್ಕಾರಿ ಮತ್ತು ಹಿಂದೂ ಆಡಳಿತದ ಪ್ರೌಢಶಾಲೆಗಳೂ ಹಾಗೆಯೇ ಇದ್ದವು. ಕಾನ್ವೆಂಟ್ ಎಂದರೆ ಇಂಗ್ಲಿಷ್ ಎಂಬ ಸಮೀಕರಣ ದೃಢವಾದದ್ದು ಇತರ ಶಾಲೆಗಳು ದೇಶಭಾಷೆಗೆ ಹೊರಳಿದ ನಂತರದ ದಶಕಗಳಲ್ಲಿ ಎಂದು ತೋರುತ್ತದೆ.

ಬೆಂಗಳೂರಿನ ಉದಾಹರಣೆಯೊಂದಿಗೆ ಹೋಲಿಸಿದರೆ ಮಂಗಳೂರಿನ ಭಿನ್ನತೆ ಸ್ಪಷ್ಟವಾಗುತ್ತದೆ. ಬೆಂಗಳೂರಿನ ದಂಡುಪ್ರದೇಶದಲ್ಲಿ ಗುಡ್ ಶೆಫರ್ಡ್ ಭಗಿನಿಯರು 1854ರಲ್ಲಿಯೇ ಹೆಣ್ಣುಮಕ್ಕಳ ಶಾಲೆಯ ಕೆಲಸವನ್ನು ತೊಡಗಿದ್ದರು. ಯುರೋಪಿಯನ್ನರು, ಆಂಗ್ಲೋ-ಇಂಡಿಯನ್ನರು ಹಾಗೂ ತಮಿಳು ಮಾತಿನವರು ತುಂಬಿದ್ದ ಆ ಪರಿಸರದಲ್ಲಿ ಕನ್ನಡಕ್ಕೆ ಕೇಂದ್ರಸ್ಥಾನ ದೊರೆಯುವ ಸಂಭವ ಕಡಿಮೆಯಿತ್ತು. ಮಂಗಳೂರಿನ ವಿದ್ಯಾರ್ಥಿನಿಯರು ಮುಖ್ಯವಾಗಿ ಊರಿನವರೇ ಆಗಿದ್ದರು. ಅವರ ಮನೆತನಗಳು ಭೂಮಿ, ನ್ಯಾಯಾಲಯ, ವ್ಯಾಪಾರಗಳ ಮೂಲಕ ಕನ್ನಡದ ಬರಹಲೋಕಕ್ಕೆ ಕೂಡಿಕೊಂಡಿದ್ದವು.

ಇಲ್ಲಿ ನಮ್ಮ ಗಮನಕ್ಕೆ ಬರಬೇಕಾದ ಮುಖ್ಯ ಅಂಶ ಲಿಪಿಗೆ ಸಂಬಂಧಿಸಿದ್ದು. ಗೋವೆಯ ಕಥೋಲಿಕರು ಕೊಂಕಣಿಯನ್ನು ರೋಮನ್ ಲಿಪಿಯಲ್ಲಿ ಬರೆದರು. ಮಂಗಳೂರಿನ ಕಥೋಲಿಕರು ಅದೇ ಭಾಷೆಯನ್ನು ಕನ್ನಡ ಲಿಪಿಯಲ್ಲಿ ಬರೆದರು. 1938ರಲ್ಲಿ ಮಂಗಳೂರಿನಲ್ಲಿ ಆರಂಭವಾದ 'ರಾಕ್ಣೊ' ವಾರಪತ್ರಿಕೆ ಕನ್ನಡ ಲಿಪಿಯ ಕೊಂಕಣಿಯ ಓದುಗವರ್ಗವನ್ನು ನಂಬಿಯೇ ಹೊರಟಿತು. ಈ ಓದುಗವರ್ಗ ಎಲ್ಲಿಂದ ಬಂದಿತು? ಕೊಂಕಣಿಯನ್ನು ಆ ಕಾಲದಲ್ಲಿ ಶಾಲೆಯಲ್ಲಿ ವಿಷಯವಾಗಿ ಕಲಿಸುತ್ತಿರಲಿಲ್ಲ. ಹುಡುಗಿಯೊಬ್ಬಳು ಶಾಲೆಯಲ್ಲಿ ಕನ್ನಡ ಅಕ್ಷರಮಾಲೆಯನ್ನು ಕಲಿತು, ಮನೆಗೆ ಬಂದು ಅದೇ ಅಕ್ಷರಗಳಲ್ಲಿ ಕೊಂಕಣಿಯ ಪ್ರಾರ್ಥನೆ ಪುಸ್ತಕವನ್ನೂ ಮುಂದೆ ಕತೆ ಕಾದಂಬರಿಗಳನ್ನೂ ಓದಿದಳು. ಕನ್ನಡದ ಬೋಧನೆ ಕೊಂಕಣಿಯ ಸಾಕ್ಷರತೆಯಾಗಿ ಫಲಿಸಿತು. 1992ರಲ್ಲಿ ಸಂವಿಧಾನದ ಎಂಟನೆಯ ಪರಿಚ್ಛೇದಕ್ಕೆ ಸೇರಿದ ಭಾಷೆಯೊಂದರ ಮಂಗಳೂರು ಶಾಖೆಯನ್ನು ಇಷ್ಟು ಕಾಲ ಉಳಿಸಿಕೊಂಡು ಬಂದದ್ದರಲ್ಲಿ ಶಾಲೆಯ ಕನ್ನಡ ಪಾಠಕ್ಕೂ ಒಂದು ಪಾಲಿದೆ. ಇದನ್ನು ಕನ್ನಡದ ಲೆಕ್ಕಕ್ಕೆ ಬರೆಯಬೇಕೋ ಕೊಂಕಣಿಯ ಲೆಕ್ಕಕ್ಕೆ ಬರೆಯಬೇಕೋ ಎಂಬ ಗೊಂದಲದಿಂದಾಗಿ ಎರಡೂ ಭಾಷೆಗಳ ಚರಿತ್ರೆಕಾರರು ಇದನ್ನು ಬಿಟ್ಟುಬಿಡುವ ಸಂಭವವಿದೆ.

ಕನ್ನಡದ ಪಾಠಪುಸ್ತಕಗಳ ದಿಕ್ಕಿನಿಂದಲೂ ಇದನ್ನು ನೋಡಬಹುದು. ಪಂಜೆ ಮಂಗೇಶರಾಯರು (1874-1937) ಈ ಜಿಲ್ಲೆಯಲ್ಲಿ ಉಪಾಧ್ಯಾಯರಾಗಿ, ಶಾಲಾ ತನಿಖಾಧಿಕಾರಿಯಾಗಿ ದುಡಿದವರು. ಮಕ್ಕಳಿಗಾಗಿ ಪದ್ಯ, ಕತೆ, ಪಾಠಗಳನ್ನು ಬರೆದವರು. ಪಂಜೆಯವರನ್ನು ಶಿಶುಸಾಹಿತ್ಯದ ಪ್ರವರ್ತಕರೆಂದು ನಾವು ಓದುತ್ತೇವೆ. ಆ ಸಾಹಿತ್ಯವನ್ನು ಓದಿದ ಶಿಶುಗಳಲ್ಲಿ ಹೆಣ್ಣುಮಕ್ಕಳು ಎಷ್ಟು ಮಂದಿ, ಅವರ ತರಗತಿಯಲ್ಲಿ ಅದನ್ನು ಓದಿಸಿದವರು ಯಾರು ಎಂದು ಕೇಳಿಕೊಂಡದ್ದು ಕಡಿಮೆ.

7. 1921: ಕಾಲೇಜು ಮತ್ತು ಹಳ್ಳಿ

ಸೈಂಟ್ ಆ್ಯನ್ಸ್‌ನಿಂದ ಹೊರಟ ಎಳೆ 1921ರಲ್ಲಿ ಹೊಸ ಘಟ್ಟವನ್ನು ತಲುಪಿತು. ಅದೇ ಅಪೊಸ್ತಲಿಕ್ ಕಾರ್ಮೆಲ್ ಸಂಸ್ಥೆ, ಮದರ್ ಅಲೋಶಿಯ ಅವರ ಮುಂದಾಳ್ತನದಲ್ಲಿ ಬೆಂದೂರಿನಲ್ಲಿ ಸೈಂಟ್ ಆ್ಯಗ್ನೆಸ್ ಮಹಿಳಾ ಕಾಲೇಜನ್ನು ಆರಂಭಿಸಿತು. ಅದು ಮದರಾಸು ವಿಶ್ವವಿದ್ಯಾಲಯಕ್ಕೆ ಸೇರಿದ್ದು. ಮದರಾಸು ನಗರದಲ್ಲಿಯೇ ಮಹಿಳೆಯರಿಗೆಂದು ಕ್ವೀನ್ ಮೇರೀಸ್ ಕಾಲೇಜು 1914ರಲ್ಲಿ, ವಿಮೆನ್ಸ್ ಕ್ರಿಶ್ಚಿಯನ್ ಕಾಲೇಜು 1915ರಲ್ಲಿ ಆರಂಭವಾಗಿದ್ದವು. ಮಗಳನ್ನು ಅಷ್ಟು ದೂರ ಕಳುಹಿಸಲಾಗದ ಕರಾವಳಿಯ ಮನೆತನಗಳಿಗೆ ಊರಿನಲ್ಲಿಯೇ ಕಾಲೇಜು ದೊರೆತದ್ದು ದೊಡ್ಡ ಬದಲಾವಣೆ. ಮುಂದೆ ಇದೇ ಸಂಸ್ಥೆ 1948ರಲ್ಲಿ ಬೆಂಗಳೂರಿನಲ್ಲಿ ಮೌಂಟ್ ಕಾರ್ಮೆಲ್ ಕಾಲೇಜನ್ನು ನೆಲೆಗೊಳಿಸಿತು.

ಅದೇ 1921ರ ಜುಲೈ 16ರಂದು, ಆರ್. ಎಫ್. ಸಿ. ಮಸ್ಕರೇನಸ್ ಎಂಬ ಮಂಗಳೂರಿನ ಗುರುಗಳು ಬೆಥನಿ ಭಗಿನಿಯರ ಸಂಸ್ಥೆಯನ್ನು ಸ್ಥಾಪಿಸಿದರು. ಹಳ್ಳಿಗಳ ಹೆಣ್ಣುಮಕ್ಕಳಿಗೆ ಓದು ತಲುಪಿಸುವುದು ಅದರ ಮುಖ್ಯ ಗುರಿಗಳಲ್ಲೊಂದು. 1887ರಲ್ಲಿಯೇ ಉರ್ಸುಲೈನ್ ಫ್ರಾನ್ಸಿಸ್ಕನ್ ಭಗಿನಿಯರ ಸಂಸ್ಥೆ ಮಂಗಳೂರಿನಲ್ಲಿ ಹುಟ್ಟಿತ್ತು. ಪಟ್ಟಣದ ಹೆಣ್ಣುಮಕ್ಕಳು ಕಾಲೇಜಿಗೆ ಏರಿದ ವರ್ಷವೇ ಹಳ್ಳಿಯ ಹೆಣ್ಣುಮಕ್ಕಳಿಗೆ ಅಕ್ಷರ ತಲುಪಿಸುವ ಸ್ಥಳೀಯ ಸಂಸ್ಥೆಯೊಂದು ಹುಟ್ಟಿದ್ದು ಅರ್ಥಪೂರ್ಣ. ಕಾನ್ವೆಂಟ್ ಶಿಕ್ಷಣ ಅಷ್ಟು ಹೊತ್ತಿಗೆ ಎರಡು ಕವಲಾಗಿತ್ತು. ಒಂದು ಇಂಗ್ಲಿಷಿನ ಮೂಲಕ ವಿಶ್ವವಿದ್ಯಾಲಯದ ಕಡೆಗೆ ಹೋದದ್ದು, ಇನ್ನೊಂದು ಹಳ್ಳಿಯ ಪ್ರಾಥಮಿಕ ಶಾಲೆಯ ಕಡೆಗೆ ಹೋದದ್ದು. ಕನ್ನಡ ಹೆಚ್ಚು ಆಳವಾಗಿ ಬೇರುಬಿಟ್ಟದ್ದು ಎರಡನೆಯ ಕವಲಿನಲ್ಲಿ. ಆಡುಮಾತಿನ 'ಕಾನ್ವೆಂಟ್' ಎಂಬ ಪದ ಮೊದಲನೆಯದನ್ನು ಮಾತ್ರ ನೆನಪಿನಲ್ಲಿಟ್ಟುಕೊಂಡಿದೆ.

8. ಮಿತಿಗಳು

ಇಷ್ಟು ಹೇಳಿದ ಮಾತ್ರಕ್ಕೆ ಈ ಶಾಲೆಯನ್ನು ಎಲ್ಲ ಹೆಣ್ಣುಮಕ್ಕಳ ವಿಮೋಚನೆಯ ತಾಣವೆಂದು ಚಿತ್ರಿಸುವುದು ಸರಿಯಾಗದು. ಮಂಗಳೂರಿನ ಕಥೋಲಿಕ ಸಮಾಜ ಮತಾಂತರದ ಶತಮಾನಗಳ ನಂತರವೂ ಬಾಮಣ್, ಚಾರೊಡಿ ಮೊದಲಾದ ಜಾತಿಭೇದಗಳನ್ನು ಉಳಿಸಿಕೊಂಡಿತ್ತು. ಪಟ್ಟಣದ ಅನುಕೂಲಸ್ಥ ಮನೆಯ ಮಗಳಿಗೂ ಗೇಣಿದಾರನ ಮಗಳಿಗೂ ಶಾ‌ಲೆಯ ಬಾಗಿಲು ಒಂದೇ ಅಗಲವಿರಲು ಸಾಧ್ಯವಿರಲಿಲ್ಲ. ಶಾಲೆಯ ಬೆಂಚುಗಳ ಮೇಲೆ ಯಾರು ಕುಳಿತರು ಎಂಬ ಪ್ರಶ್ನೆಗೆ 'ಕಥೋಲಿಕರು' ಎಂಬ ಒಂದೇ ಪದ ಉತ್ತರವಾಗದು.

ಇದೇ ಪಟ್ಟಣದಲ್ಲಿ ದಲಿತರ ಶಿಕ್ಷಣಕ್ಕಾಗಿ ಕುದ್ಮುಲ್ ರಂಗರಾಯರು 1897ರಲ್ಲಿ ಪ್ರತ್ಯೇಕ ಮಿಶನ್ನನ್ನೇ ಕಟ್ಟಬೇಕಾಯಿತು. ಇದು ಆಗಿದ್ದ ಶಾಲೆಗಳೆಲ್ಲವುಗಳ ಮಿತಿಯನ್ನೂ ತೋರಿಸುತ್ತದೆ. ಥಿಯಾಸಫಿಯ ಪ್ರಭಾವದಲ್ಲಿ 1918ರಲ್ಲಿ ಆರಂಭವಾದ ಬೆಸೆಂಟ್ ರಾಷ್ಟ್ರೀಯ ಹೆಣ್ಣುಮಕ್ಕಳ ಶಾಲೆ, ಮಿಶನ್ ಶಾಲೆಯ ಧಾರ್ಮಿಕ ವಾತಾವರಣವನ್ನು ಒಪ್ಪದ ಹಿಂದೂ ಮನೆತನಗಳಿಗೆ ಬೇರೆ ದಾರಿಯನ್ನು ಒದಗಿಸಿತು. ಕಾನ್ವೆಂಟಿನ ಮಾದರಿ ಅನುಕರಣೆಯನ್ನೂ ಪ್ರತಿರೋಧವನ್ನೂ ಒಟ್ಟಿಗೆ ಹುಟ್ಟಿಸಿತು ಎನ್ನಬಹುದು. ಶಿಸ್ತು, ಸಮವಸ್ತ್ರ, ಮೌನ, ಸಮಯಪಾಲನೆಗಳ ಮೂಲಕ ಹೆಣ್ಣಿನ ದೇಹ ಮತ್ತು ಮಾತುಗಳ ಮೇಲೆ ಕಾನ್ವೆಂಟ್ ಶಾಲೆಗಳು ಹೊಂದಿದ್ದ ಹಿಡಿತವನ್ನು ಸ್ತ್ರೀವಾದಿ ಅಧ್ಯಯನಗಳು ಸರಿಯಾಗಿಯೇ ಪ್ರಶ್ನಿಸಿವೆ. ಆದರೆ ಆಡಳಿತ, ಹಣಕಾಸು, ಕಟ್ಟಡ, ನೇಮಕಾತಿಗಳ ದೈನಂದಿನ ನಿರ್ವಹಣೆ ಹೆಂಗಸರ ಕೈಯಲ್ಲಿಯೇ ಇದ್ದ ಸಂಸ್ಥೆಯೊಂದನ್ನು ಆ ಹುಡುಗಿಯರು ಪ್ರತಿದಿನ ಕಂಡರು ಎಂಬುದೂ ಅಷ್ಟೇ ನಿಜ. 19ನೆಯ ಶತಮಾನದ ಮಂಗಳೂರಿನಲ್ಲಿ ಅಂತಹ ದೃಶ್ಯ ಬೇರೆಡೆ ವಿರಳ.

9. ಸಾಹಿತ್ಯ ಚರಿತ್ರೆಗೆ ಒಂದು ಪ್ರಶ್ನೆ

ಮೇಲಿನ ಚರ್ಚೆಯಿಂದ ಹೊರಡುವ ಮುಖ್ಯ ಅಂಶ ಅಧ್ಯಯನದ ವಿಧಾನಕ್ಕೆ ಸಂಬಂಧಿಸಿದ್ದು. ಬಾಸೆಲ್ ಮಿಶನ್ ನಮ್ಮ ಚರಿತ್ರೆಯಲ್ಲಿ ದೊಡ್ಡದಾಗಿ ಕಾಣುವುದಕ್ಕೆ ಅದರ ಕೆಲಸದ ಮಹತ್ವದ ಜೊತೆಗೆ ಇನ್ನೊಂದು ಕಾರಣವಿದೆ: ಅದು ತನ್ನ ಕುರುಹುಗಳನ್ನು ಅಚ್ಚಿನಲ್ಲಿ ಉಳಿಸಿತು. ನಿಘಂಟು, ವ್ಯಾಕರಣ, ಪತ್ರಿಕೆ, ಪಠ್ಯ ಸಂಪಾದನೆಗಳನ್ನು ಗ್ರಂಥಾಲಯದಲ್ಲಿ ಕೈಗೆತ್ತಿಕೊಳ್ಳಬಹುದು, ಲೇಖಕನ ಹೆಸರಿನಲ್ಲಿ ವರ್ಗೀಕರಿಸಬಹುದು. ಹುಡುಗಿಯೊಬ್ಬಳಿಗೆ ಒತ್ತಕ್ಷರ ತಿದ್ದಿಸಿದ ಉಪಾಧ್ಯಾಯಿನಿಯ ಕೆಲಸಕ್ಕೆ ಅಂತಹ ಕುರುಹಿಲ್ಲ. ಲೇಖಕ ಹಾಗೂ ಕೃತಿಗಳನ್ನು ಮಾತ್ರ ಘಟಕಗಳಾಗಿ ಇಟ್ಟುಕೊಂಡ ಚರಿತ್ರೆ ಸ್ವಭಾವತಃ ಗಂಡಸರ ಚರಿತ್ರೆಯಾಗಿಬಿಡುವುದು ಹೀಗೆ. 20ನೆಯ ಶತಮಾನದ ಕರಾವಳಿಯ ಲೇಖಕಿಯರನ್ನು ಕುರಿತು ಬರೆಯುವಾಗಲೂ ನಾವು ಮೊದಲ ಬರಹಗಾರ್ತಿ ಯಾರು ಎಂದು ಹುಡುಕುತ್ತೇವೆ. ಮೊದಲ ಓದುಗಳು ಎಲ್ಲಿ ಕಲಿತಳು ಎಂದು ಕೇಳುವುದಿಲ್ಲ. ಲೇಖಕಿಗೆ ಮೊದಲು ಓದುಗಳಿರಬೇಕು, ಓದುಗಳಿಗೆ ಮೊದಲು ಶಿಕ್ಷಕಿಯಿರಬೇಕು.

ಈ ಪ್ರಶ್ನೆಗಳನ್ನು ಕೇಳಲು ಕನ್ನಡ ವಿಭಾಗಗಳು ಆಕರಗಳ ಕಲ್ಪನೆಯನ್ನು ವಿಸ್ತರಿಸಿಕೊಳ್ಳಬೇಕಾಗುತ್ತದೆ. ಅನುದಾನಿತ ಶಾಲೆಗಳು ಇಡಬೇಕಾಗಿದ್ದ ಪ್ರವೇಶ ಪುಸ್ತಕಗಳು, ತನಿಖಾ ವರದಿಗಳು, ಮದರಾಸು ಶಿಕ್ಷಣ ಇಲಾಖೆಯ ವಾರ್ಷಿಕ ವರದಿಗಳು, ಶಾಲಾ ಸಂಚಿಕೆಗಳು, ಬಹುಮಾನವಾಗಿ ಕೊಟ್ಟ ಪುಸ್ತಕಗಳ ಒಳಪುಟದ ಬರಹಗಳು, ಮನೆಗಳಲ್ಲಿ ಉಳಿದಿರುವ ಕಾಗದಪತ್ರಗಳು, ವೃದ್ಧ ವಿದ್ಯಾರ್ಥಿನಿಯರ ನೆನಪುಗಳು ಇವೆಲ್ಲವೂ ಸಾಹಿತ್ಯ ಚರಿತ್ರೆಯ ಆಕರಗಳೇ. ಇವುಗಳಲ್ಲಿ ಕಾಗದದ ಆಕರಗಳಿಗೆ ಕರಾವಳಿಯ ಮಳೆ ಮತ್ತು ಗೆದ್ದಲು ಶತ್ರು, ನೆನಪಿನ ಆಕರಗಳಿಗೆ ವಯಸ್ಸು ಶತ್ರು. 1940ರ ದಶಕದಲ್ಲಿ ಓದಿದವರು ಇಂದು ತೊಂಬತ್ತರ ಆಸುಪಾಸಿನಲ್ಲಿದ್ದಾರೆ. ಕನ್ನಡ ಅಧ್ಯಾಪಕರಿಗೆ ಈ ಕೆಲಸ ತಮ್ಮದಲ್ಲ, ಶಿಕ್ಷಣಶಾಸ್ತ್ರದ್ದು ಅಥವಾ ಚರ್ಚ್ ಚರಿತ್ರೆಯದು ಎಂದು ತೋರಬಹುದು. ಆದರೆ ಆ ಪ್ರವೇಶ ಪುಸ್ತಕಗಳಲ್ಲಿ ಇರುವುದು ಕನ್ನಡದ ಓದುಗರ ಹೆಸರುಗಳು.

ಒಟ್ಟಿನಲ್ಲಿ ಸೈಂಟ್ ಆ್ಯನ್ಸ್ ಶಾಲೆಯ ಚರಿತ್ರೆ ಮೂರು ಸಂಗತಿಗಳನ್ನು ಮುಂದಿಡುತ್ತದೆ. ಧರ್ಮಭಗಿನಿಯರ ಸಂಸ್ಥೆ ಹೆಣ್ಣಿನ ಶಿಕ್ಷಣದ ಆರಂಭಕ್ಕೆ ಇದ್ದ ತೊಡಕನ್ನು ಬಿಡಿಸಿತು. ಸರ್ಕಾರದ ಅನುದಾನ ನಿಯಮ ಆ ಸಂಸ್ಥೆಯೊಳಗೆ ಕನ್ನಡವನ್ನು ತಂದಿತು. ಅಲ್ಲಿ ಕಲಿತ ಕನ್ನಡ ಅಕ್ಷರ ಕನ್ನಡಕ್ಕಷ್ಟೇ ಅಲ್ಲದೆ ಕೊಂಕಣಿಗೂ ಓದುಗರನ್ನು ಒದಗಿಸಿತು. ಇಂದು ಕನ್ನಡದ ಎದುರಾಳಿಯೆಂಬಂತೆ ಬಳಕೆಯಾಗುತ್ತಿರುವ 'ಕಾನ್ವೆಂಟ್' ಎಂಬ ಪದದ ಹಿಂದೆ ಈ ಚರಿತ್ರೆಯೂ ಇದೆ. ಮಾಧ್ಯಮದ ಚರ್ಚೆಯಲ್ಲಿ ಯಾವ ನಿಲುವನ್ನು ತಳೆದರೂ, ಈ ಚರಿತ್ರೆಯನ್ನು ಬಿಟ್ಟು ಕರಾವಳಿಯ ಹೆಣ್ಣುಮಕ್ಕಳ ಕನ್ನಡವನ್ನು ಕುರಿತು ಮಾತನಾಡುವುದು ಸಾಧ್ಯವಿಲ್ಲ.